ಅಜ್ಜನ ಹೆಸರು, ಅಜ್ಜಿಯ ತವರು

ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಬಾದಾಮಿ ಚಾಲುಕ್ಯರಲ್ಲೇ ಕಾಣುತ್ತದೆ. ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ. ಆದರೆ ಇವರ ಸಂಬಂಧ ನಮಗೆ ಖಚಿತವಾಗಿರುವುದು ಹೆಸರು ಒಂದೇ ಎಂಬ ಕಾರಣಕ್ಕಲ್ಲ, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಆ ವಂಶದ ಕ್ರಮವನ್ನು ಬರೆದಿಟ್ಟಿರುವುದರಿಂದ. ಹೆಸರಿನ ಜಾಡು ಹಿಡಿದು ಹಿರಿಯರನ್ನು ಹುಡುಕುವ ಉತ್ಸಾಹ ಈಗ ಹಲವರಲ್ಲಿದೆ. ಅದು ಒಳ್ಳೆಯ ಉತ್ಸಾಹವೇ. ಆದರೆ ಹೆಸರು ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ತಿಳಿಯದೆ ಹೊರಟರೆ ಸಿಗುವುದು ಬರೀ ಊಹೆ.

ಹಳೆ ಮೈಸೂರು, ಮಲೆನಾಡಿನ ಇನಿಷಿಯಲ್ಲುಗಳನ್ನೇ ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ನಮ್ಮ ಕುವೆಂಪು, ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಎರಡು ಹೆಸರು ಜೋಡಿಸಿದರೆ ಒಂದು ಊರು, ಮೂರು ತಲೆಮಾರು ಕೈಗೆ ಸಿಗುತ್ತವೆ. ಆದರೆ ಮಗನ ಹೆಸರಿಗೆ ಬರುವಷ್ಟರಲ್ಲಿ ವೆಂಕಟಪ್ಪ ಬಿಟ್ಟುಹೋದರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಆ ತಾಯಿಗಾಗಲೀ ಆ ಊರಿಗಾಗಲೀ ಇನಿಷಿಯಲ್ಲಿನಲ್ಲಿ ಜಾಗವೇ ಇಲ್ಲ. ಸರ್ ಎಂ.ವಿ. ಅವರ ಹೆಸರಿನದು ಇನ್ನೊಂದು ಬಗೆ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ; ಹೆಸರಿನ ಮುಂದೆ ಇರುವುದು ಹಿರಿಯರು ಎಂದೋ ಬಿಟ್ಟುಬಂದ, ಈಗ ಆಂಧ್ರಕ್ಕೆ ಸೇರಿದ ಮೋಕ್ಷಗುಂಡಂ. ಹಲವು ತಲೆಮಾರಿನ ಹಿಂದಿನ ವಲಸೆಯನ್ನು ಒಂದಕ್ಷರ ಕಾಪಾಡಿಕೊಂಡು ಬಂದಿದೆ, ತಂದೆ ಶ್ರೀನಿವಾಸ ಶಾಸ್ತ್ರಿಗಳ ಸುಳಿವನ್ನು ಮಾತ್ರ ಕೊಡುವುದಿಲ್ಲ.

ಉತ್ತರ ಕರ್ನಾಟಕದ ಅಡ್ಡಹೆಸರು ಇನಿಷಿಯಲ್ಲಿಗಿಂತ ಗಟ್ಟಿ ಎಂದು ತೋರುತ್ತದೆ, ತಲೆಮಾರು ಬದಲಾದರೂ ಅದು ಬದಲಾಗದು. ಆದರೆ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಪಾಟೀಲ, ಕುಲಕರ್ಣಿ, ದೇಸಾಯಿ ಇವು ಒಂದು ಕಾಲದ ಹುದ್ದೆಗಳು. ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸಲ್ಮಾನರಲ್ಲಿ, ಎಲ್ಲರಲ್ಲೂ ಪಾಟೀಲರಿದ್ದಾರೆ. 1961ರ ಕಾಯ್ದೆ ಗ್ರಾಮ ಹುದ್ದೆಗಳ ವಂಶಪಾರಂಪರ್ಯವನ್ನು ತೆಗೆದುಹಾಕಿತು, ಹೆಸರು ಉಳಿಯಿತು. ಇಬ್ಬರು ಕುಲಕರ್ಣಿಗಳು ಎದುರಾದರೆ ಅವರ ಹಿರಿಯರು ಎರಡು ಊರುಗಳ ಲೆಕ್ಕ ಬರೆಯುತ್ತಿದ್ದರು ಎನ್ನಬಹುದು, ದಾಯಾದಿಗಳೆನ್ನಲಾಗದು.

ನನ್ನ ಮಟ್ಟಿಗೆ ಹೆಚ್ಚು ನಂಬಬೇಕಾದದ್ದು ಮನೆದೇವರ ಹೆಸರನ್ನು. ಮನೆತನದಲ್ಲಿ ಗವಿಸಿದ್ದಪ್ಪ ಮತ್ತೆ ಮತ್ತೆ ಬಂದರೆ ಕೊಪ್ಪಳದ ಕಡೆ ನೋಡಬೇಕು. ತಿಪ್ಪೇರುದ್ರಪ್ಪ ಬಂದರೆ ನಾಯಕನಹಟ್ಟಿಯ ಕಡೆ. ಮಾದಪ್ಪ, ಮಾದೇವಮ್ಮ ಬಂದರೆ ಮಲೆ ಮಹದೇಶ್ವರನ ಬೆಟ್ಟದ ಸೀಮೆ. ಮೂಲ ಊರು ಮರೆತವರೂ ಮನೆದೇವರನ್ನು ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಹರಕೆ ತೀರಿಸಲು ಹೋಗುವ ಆ ದಾರಿಯಲ್ಲೇ ಎಷ್ಟೋ ಸಲ ಹಿರಿಯರು ಬಂದಿರುತ್ತಾರೆ. ಇನ್ನು ತಿಪ್ಪ, ಗುಂಡ ಎಂಬ ಹೆಸರುಗಳಿವೆ. ಹುಟ್ಟಿದ ಕೂಸುಗಳು ಉಳಿಯದಿದ್ದ ಮನೆಯಲ್ಲಿ, ಇದೊಂದಾದರೂ ಬದುಕಲಿ ಎಂದು ಬೇಕೆಂದೇ ಇಟ್ಟ ತುಚ್ಛ ಹೆಸರುಗಳವು. ಅಂಥ ಹೆಸರು ಸಿಕ್ಕಲ್ಲಿ ಯಾವ ಕಾಗದದಲ್ಲೂ ಇಲ್ಲದ ಮಕ್ಕಳು ಅದರ ಹಿಂದೆ ಇರಬಹುದು ಎಂದು ವಂಶ ಬರೆಯುವವರು ನೆನೆಯಬೇಕು.

ನಮ್ಮಲ್ಲಿ ಇದನ್ನೆಲ್ಲ ಕಸುಬಾಗಿ ಮಾಡಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಒಪ್ಪಿಸಿ, ಯಾವ ಊರಿಂದ ಯಾಕೆ ಎದ್ದು ಬಂದಿರಿ ಎಂದು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಿದ್ದರು. ಹೆಸರಿನ ಜೊತೆ ಕಥೆಯನ್ನೂ ಇಟ್ಟುಕೊಂಡದ್ದು ಅವರ ದೊಡ್ಡತನ. ಅಜ್ಜ ಮೊಮ್ಮಕ್ಕಳಿಗೆ ಒಂದೇ ಹೆಸರಿದ್ದಾಗ ಯಾರು ಯಾರೆಂದು ಬಿಡಿಸುವುದು ಆ ಕಥೆಯೇ. ಆದರೆ ಕೊಡಲು ಕಾಳಿಲ್ಲದ ಮನೆಯ ಮುಂದೆ ಎತ್ತು ನಿಲ್ಲಲಿಲ್ಲ. ಊರಹೊರಗಿನ ಕೇರಿಗಳ ಎಷ್ಟೋ ವಂಶಗಳು ಎಲ್ಲೂ ದಾಖಲಾಗದೆ ಹೋದವು. ಅಂಥ ಮನೆಗಳಿಗೆ ಎರಡು ತಲೆಮಾರು ದಾಟುವುದೇ ಕಷ್ಟ, ಅದು ಅವರ ಮರೆವಿನಿಂದಾದದ್ದಲ್ಲ.

ಈ ಇಡೀ ಪದ್ಧತಿಯ ಅತಿ ದೊಡ್ಡ ಕೊರತೆ ಹೆಣ್ಣಿನದು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ಎಂಬ ಕುಲದ ಗುರುತು ತಾಯಿಯಿಂದ ಬರುತ್ತದೆ, ಅಲ್ಲಿ ಅಜ್ಜಿಯ ಅಜ್ಜಿಯವರೆಗೆ ದಾರಿ ತೆರೆದಿದೆ. ಉಳಿದ ಕಡೆ ಬಹುಪಾಲು ಮುಚ್ಚಿದೆ. ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ತಟ್ಟೆಯ ಅಕ್ಕಿಯ ಮೇಲೆ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ತವರಿನ ಹೆಸರು ಅಲ್ಲಿಗೇ ನಿಲ್ಲುತ್ತದೆ. ಮಾವನ ಹೆಸರು ಹೇಳಬಾರದೆಂದು ಅದೇ ಹೆಸರಿನ ಮಗನನ್ನು ಅಜ್ಜಪ್ಪ, ಅಪ್ಪಣ್ಣ ಎಂದು ಕರೆದ ತಾಯಂದಿರು ಎಷ್ಟು ಮಂದಿ! ಮನೆತನದ ಹೆಸರನ್ನು ಅಷ್ಟು ಜೋಪಾನ ಮಾಡಿದವರ ಹೆಸರೇ ಆ ಮನೆತನದ ಪಟ್ಟಿಯಲ್ಲಿಲ್ಲ.

ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷವನ್ನು ಜಮೀನಿನ ಕಾಗದವೆಂದಷ್ಟೇ ನೋಡಬೇಡಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ಪ್ರತಿ ಗಂಡಸಿನ ಹೆಸರಿನ ಪಕ್ಕ ಅವನ ತಾಯಿಯ, ಹೆಂಡತಿಯ, ಹೆಣ್ಣುಮಕ್ಕಳ ಹೆಸರು ಸೇರಿಸಿ, ಅವರ ತವರೂರು ಬರೆಯಿರಿ, ಕರೆಯುವ ಹೆಸರನ್ನೂ ಬರೆಯಿರಿ. ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಮುಂದಿನ ಹಬ್ಬಕ್ಕೇ ಹೋಗಿ ಕೇಳಿ. ಅವರಿಗೆ ಗೊತ್ತಿರುವುದು ಇನ್ಯಾವ ಕಡತದಲ್ಲೂ ಇಲ್ಲ.