ಹರಕೆ ಹೊತ್ತವಳ ಕಾಯಿಲೆ ಏನು?

'ಬೆತ್ತಲೆ ಪೂಜೆ ಯಾಕೆ ಕೂಡದು?' ಚಂದ್ರಗುತ್ತಿಯ ಗಲಾಟೆಯಾದ ಮೇಲೆ ಯು.ಆರ್. ಅನಂತಮೂರ್ತಿಯವರು ಕೇಳಿದ ಈ ಪ್ರಶ್ನೆ ಕನ್ನಡದ ವಿಚಾರವಂತರನ್ನು ಇವತ್ತಿಗೂ ಕೆಣಕುತ್ತದೆ. ಪರವಾಗಿ ಮಾತಾಡಿದವರೂ ವಿರೋಧಿಸಿ ಬರೆದವರೂ ಬೇಕಾದಷ್ಟು ಜನ. ನಾವು ಈಸೂರಿನ ಕಡೆಯವರು. ಚಂದ್ರಗುತ್ತಿಯ ಜಾತ್ರೆಗೆ ಹೋಗಿಬಂದವರ ಮನೆಗಳಲ್ಲಿ ಹುಟ್ಟಿ, ಆ ಮನೆಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ಪ್ರಬಂಧ ಓದಿ ಮುಗಿಸಿದಾಗ ನಮ್ಮ ಬಾಯಿಗೆ ಬಂದ ಪ್ರಶ್ನೆಯೇ ಬೇರೆ: ಅಲ್ಲ ಸ್ವಾಮಿ, ಆ ಹೆಂಗಸಿಗೆ ಏನು ಕಾಯಿಲೆಯಾಗಿತ್ತು?

ಮೊದಲು ಸಂಗತಿ ಹೇಳಿಬಿಡಬೇಕು, ಹೊಸ ಹುಡುಗರಿಗೆ ಇದು ಗೊತ್ತಿಲ್ಲ. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಡಿ ಇದೆ. ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡಿಯ ತನಕ ಓಡುವುದು ಅಲ್ಲಿನ 'ಸೇವೆ'ಯಾಗಿತ್ತು. ಓಡುತ್ತಿದ್ದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದ ಜಾತಿಯವರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು, ಸಮಾಜ ಸುಧಾರಕರು ಅಲ್ಲಿಗೆ ಹೋಗಿ ಬೇಡವೆಂದು ತಿಳಿಹೇಳಲು ನೋಡಿದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ, ಹೆಣ್ಣು ಪೊಲೀಸರನ್ನು ಕೂಡ, ಹೊಡೆದು ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಅನಂತಮೂರ್ತಿಯವರು ಬೆತ್ತಲೆ ಸೇವೆಯನ್ನು ಎತ್ತಿಹಿಡಿದರು ಎಂದು ಬೈಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವರು ತಮ್ಮನ್ನೇ ಅನುಮಾನಿಸಿಕೊಂಡರು. ಕುಂಕುಮ ಹಚ್ಚಿದ ಕಲ್ಲು ರೈತನಿಗೆ ದೇವರಾಗುತ್ತದೆ, ಓದಿದವನಿಗೆ ಬರೀ ಫೋಟೋ ತೆಗೆಯುವ ವಸ್ತುವಾಗುತ್ತದೆ. ಹಾಗಾದರೆ ಇವರಲ್ಲಿ ಯಾರು ಏನನ್ನು ಕಳೆದುಕೊಂಡರು? ಇದು ಅವರ ಸಂಕಟ. ಪ್ರಾಮಾಣಿಕವಾದ ಸಂಕಟವೇ. ಆದರೆ ಅದು ಯಾರ ಸಂಕಟ? ಓದಿದವನದು. ಚಂದ್ರಗುತ್ತಿಯ ದಾರಿಯಲ್ಲಿ ಓಡಿದವಳು ಆ ಪ್ರಬಂಧದಲ್ಲಿ ನಂಬಿಕೆಗೊಂದು ಗುರುತಾಗಿ ನಿಂತುಬಿಡುತ್ತಾಳೆ. ಅವಳಿಗೊಂದು ಮೈ ಇದೆ, ಆ ಮೈಗೆ ಚರ್ಮದ ಬೇನೆಯೋ ಗರ್ಭದ ಬೇನೆಯೋ ಇದೆ, ಮನೆಯಲ್ಲಿ ಜ್ವರದಲ್ಲಿ ಮಲಗಿದ ಮಗುವಿದೆ ಎಂಬುದು ಅಲ್ಲಿ ಮುಖ್ಯವಾಗುವುದೇ ಇಲ್ಲ. ಅವಳೇನು ಬ್ರಹ್ಮಜಿಜ್ಞಾಸೆಗೆ ಓಡಿದವಳಲ್ಲ. ಸಾಲ ತೀರಿಸಲು ಓಡಿದವಳು.

ಹರಕೆ ಅಂದರೆ ಸಾಲ. ಇದನ್ನು ಅರ್ಥ ಮಾಡಿಕೊಳ್ಳದೆ ನಂಬಿಕೆಯೋ ಔಷಧಿಯೋ ಎಂದು ಎಷ್ಟು ವಾದ ಮಾಡಿದರೂ ಅದು ಹೊಟ್ಟು ಕುಟ್ಟಿದ ಹಾಗೆ. ನಮ್ಮ ಕೇರಿಯ ಒಬ್ಬ ಚಿಕ್ಕವ್ವನ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಅವಳು ಮೊದಲು ಮಾಡಿದ್ದು ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಮುಂದೆ ಮುಡಿಪಿಟ್ಟಿದ್ದು. ಆಮೇಲೆ ಬಸ್ಸು ಹಿಡಿದದ್ದು. ಆಸ್ಪತ್ರೆಯಲ್ಲಿ ಚೀಟಿ ಬರೆದು ಕೈಗೆ ಕೊಟ್ಟರು, ಹೊರಗಿನಿಂದ ತಗೊಂಬಾ ಅಂದರು. ಕಿವಿಯ ಓಲೆ ಗಿರವಿಗೆ ಹೋಯಿತು. ಮಗು ಉಳಿಯಿತು. 'ಯಾರು ಉಳಿಸಿದ್ರು ಚಿಕ್ಕವ್ವ?' ಅಂತ ಕೇಳಿದರೆ 'ಅಮ್ಮ' ಅಂತಾಳೆ. ಪೇಟೆಯ ವಿಚಾರವಾದಿ ಇದನ್ನು ಕೇಳಿ ನಗುತ್ತಾನೆ. ನಗುವ ಮೊದಲು ಲೆಕ್ಕ ನೋಡಬೇಕು. ಆಸ್ಪತ್ರೆ ನಗದು ಕೇಳಿತು, ಮೊದಲೇ ಕೇಳಿತು, ಮಗು ಉಳಿಯುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಕೇಳಿತು. ಅಮ್ಮ ಉದ್ರಿ ಕೊಟ್ಟಳು. ವಾಸಿಯಾದರೆ ಬಾ, ಇಲ್ಲವಾದರೆ ಬೇಡ ಅಂದಳು. ಗುಣವಾದ ಮೇಲೆ ಮಾತ್ರ ಫೀಜು ತಗೊಳ್ಳುವ ಇನ್ನೊಬ್ಬ ಡಾಕ್ಟರನ್ನು ನಮ್ಮ ಜನ ಕಂಡಿಲ್ಲ. ಗುಡಿಯ ಹೊರಗೆ ಕೂತ ಜೋಗಮ್ಮ ತಲೆ ಮೇಲೆ ಕೈಯಿಟ್ಟು 'ಯಾವತ್ತಿಂದ ಮಗಾ?' ಅಂತ ಕೇಳುತ್ತಾಳೆ. ಆಸ್ಪತ್ರೆಯಲ್ಲಿ 'ಇಷ್ಟು ದಿನ ಏನು ಮಾಡ್ತಿದ್ದೆ?' ಅಂತ ಕೇಳುತ್ತಾರೆ. ಪ್ರಶ್ನೆ ಎರಡೂ ಒಂದೇ, ಕೇಳುವ ದನಿ ಬೇರೆ.

ಈ ಸಾಲದಲ್ಲಿ ಮೋಸವಿಲ್ಲವೇ? ಇದೆ. ಮೋಸ ವಸೂಲಿಯಲ್ಲಿದೆ. ಉಳ್ಳವನು ಹರಕೆ ತೀರಿಸುವುದು ಬೆಳ್ಳಿ ಕಣ್ಣಿನಿಂದ, ತುಲಾಭಾರದಿಂದ, ಹೋಮದಿಂದ. ಇಲ್ಲದವನ ಹತ್ತಿರ ಇರುವುದು ಮೈ ಒಂದೇ. ಅವನು ತಲೆಗೂದಲು ಕೊಡಬೇಕು, ನೆಲದ ಮೇಲೆ ಉರುಳಬೇಕು, ಬೆತ್ತಲೆ ಓಡಬೇಕು. ಅದೂ ಸಾಲದಿದ್ದರೆ ಎಲ್ಲಮ್ಮನಿಗೆ ಮಗಳನ್ನೇ ಬಿಡಬೇಕು. ತಲೆಯಲ್ಲಿ ಜಡೆ ಕಟ್ಟಿದರೆ, ಮೈಯಲ್ಲಿ ತುರಿ ಎದ್ದರೆ ದೇವಿ ಕರೆದಳು ಎಂದು ಎಷ್ಟು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿಲ್ಲ ಈ ನಾಡಿನಲ್ಲಿ? ಎಣ್ಣೆ ಬಾಚಣಿಗೆಗೆ ಬಿಡುವ ಜಡೆಗೆ, ಮುಲಾಮಿಗೆ ಹೋಗುವ ತುರಿಗೆ ಒಂದು ಹುಡುಗಿಯ ಇಡೀ ಬಾಳನ್ನು ಬೆಲೆಯಾಗಿ ಕೊಟ್ಟರು. ದೇವದಾಸಿ ನಿಷೇಧದ ಕಾಯ್ದೆ 1982ರಲ್ಲಿ ಬಂತು. ಕಾಯ್ದೆ ಬರುವ ತನಕ, ಬಂದ ಮೇಲೂ, ಈ ಬೆಲೆ ತೆತ್ತವರು ನಮ್ಮ ಕೇರಿಯವರು. ಅಗ್ರಹಾರದ ಹೆಣ್ಣುಮಗಳಿಗೂ ತುರಿ ಏಳುತ್ತದಲ್ಲ, ಅವಳನ್ನು ಯಾಕೆ ಯಾವ ದೇವಿಯೂ ಕರೆಯಲಿಲ್ಲ?

ಕೆಲವರು ಈ ಚರ್ಚೆಗೆ ಅಕ್ಕಮಹಾದೇವಿಯನ್ನು ಎಳೆದು ತರುತ್ತಾರೆ. ಅಕ್ಕನ ಉಡುತಡಿ ನಮ್ಮ ಶಿಕಾರಿಪುರ ತಾಲೂಕಿನದೇ, ಆದ್ದರಿಂದ ನಮಗೂ ಒಂದು ಮಾತಿನ ಹಕ್ಕಿದೆ. ಅಕ್ಕ ರಾಜನ ಅರಮನೆಯನ್ನೂ ಅವನು ಕೊಟ್ಟ ಬಟ್ಟೆಯನ್ನೂ ಬಿಸಾಡಿ ಹೊರಟವಳು. ವರದೆಯ ದಡದಲ್ಲಿ ಬಟ್ಟೆ ಕಳಚಿದವಳು ಏನನ್ನೂ ಬಿಸಾಡಲಿಲ್ಲ. ಅವಳ ಹತ್ತಿರ ಬಿಸಾಡಲು ಏನಿತ್ತು?

ತಮಾಷೆ ಏನೆಂದರೆ, ಅನಂತಮೂರ್ತಿಯವರ ಪ್ರಬಂಧಕ್ಕೆ ಉತ್ತರ ಅವರದೇ 'ಸಂಸ್ಕಾರ'ದಲ್ಲಿ ಇದೆ. 1965ರ ಆ ಕಾದಂಬರಿಯನ್ನು ನಮ್ಮ ಮೇಷ್ಟ್ರುಗಳು ಧರ್ಮಸಂಕಟದ ಕಥೆ ಎಂದು ಪಾಠ ಮಾಡುತ್ತಾರೆ. ನಾವು ಅದನ್ನು ಒಂದು ಕಾಯಿಲೆಯ ಕಥೆ ಎಂದು ಓದಬೇಕು. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿಬಂದು ಜ್ವರದಲ್ಲಿ ಸಾಯುತ್ತಾನೆ. ಅವನ ಹೆಣ ಸುಡಬಹುದೇ ಬಾರದೇ ಎಂದು ಪ್ರಾಣೇಶಾಚಾರ್ಯ ತಾಳೆಗರಿ ತಿರುವುತ್ತಾನೆ, ಮಾರುತಿ ಗುಡಿಯಲ್ಲಿ ಪ್ರಸಾದ ಕೇಳುತ್ತ ಕೂರುತ್ತಾನೆ. ಅಷ್ಟರಲ್ಲಿ ಇಲಿಗಳು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಕೂತಿವೆ. ಬ್ರಾಹ್ಮಣರು ಹದ್ದು ಓಡಿಸಲು ಶಂಖ ಊದುತ್ತಾರೆ! ಎಲ್ಲರ ಕಣ್ಣ ಮುಂದೆ ಪ್ಲೇಗು ಇದೆ, ಅಗ್ರಹಾರದಲ್ಲಿ ಯಾರ ಬಾಯಲ್ಲೂ ಅದರ ಹೆಸರಿಲ್ಲ. ಹೆಸರು ಹೇಳುವವನು ಪಾರಿಜಾತಪುರದ ಮಂಜಯ್ಯ, ಪೇಪರು ಓದುವವನು. ಶಾಸ್ತ್ರಕ್ಕೆ ಕಾಣದ್ದು ಪೇಪರಿಗೆ ಕಂಡಿತು. ಮಾರುತಿ ಉತ್ತರ ಕೊಡಲಿಲ್ಲ ಎಂದು ಆಚಾರ್ಯ ಕೊರಗುತ್ತಾನೆ. ಕೇಳಿದ ಪ್ರಶ್ನೆಯೇ ತಪ್ಪಾಗಿದ್ದರೆ ಮಾರುತಿ ತಾನೆ ಏನು ಮಾಡಿಯಾನು?

ಇಷ್ಟು ಬರೆದ ಲೇಖಕನಿಗೆ ನಾವು ಕೈಮುಗಿಯುತ್ತೇವೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಆಚಾರ್ಯನ ಹೆಂಡತಿ ಭಾಗೀರಥಿಯನ್ನು ನೋಡಿ. ಮದುವೆಯಾದಾಗಿನಿಂದ ಹಾಸಿಗೆ ಹಿಡಿದವಳು. ಗಂಡ ಅವಳ ಚಾಕರಿ ಮಾಡುತ್ತಾನೆ, ಗಂಜಿ ಕುಡಿಸುತ್ತಾನೆ, ನಿಜ. ಆದರೆ ಅವಳ ರೋಗ ಅವನ ಮೋಕ್ಷದ ಮೆಟ್ಟಿಲು! ರೋಗಿಯನ್ನು ಕಟ್ಟಿಕೊಂಡದ್ದರಿಂದ ತನ್ನ ತಪಸ್ಸು ಮಾಗಿತು ಎಂದುಕೊಳ್ಳುವ ಗಂಡಸು ಅವಳ ರೋಗ ವಾಸಿಯಾಗಲಿ ಎಂದು ನಿಜವಾಗಿ ಬಯಸಿಯಾನೇ? ಇನ್ನು ಹೊಲಗೇರಿ. ಅಲ್ಲಿ ಬೆಳ್ಳಿಯ ತಾಯಿತಂದೆ ಸಾಯುತ್ತಾರೆ, ಗುಡಿಸಲು ಹೆಣದ ಜೊತೆಗೇ ಉರಿಯುತ್ತದೆ. ಬ್ರಾಹ್ಮಣನ ಒಂದು ಹೆಣಕ್ಕೆ ಪುಟಗಟ್ಟಲೆ ಜಿಜ್ಞಾಸೆ, ನಮ್ಮವರ ಹೆಣಗಳಿಗೆ ಕೆಲವು ಸಾಲು. ಕಾದಂಬರಿ ಆಮೇಲೆ ಆಚಾರ್ಯನ ಹಿಂದೆ ಮೇಳಿಗೆಯ ಜಾತ್ರೆಗೆ ಹೋಗಿಬಿಡುತ್ತದೆ. ಪ್ಲೇಗು ಹಿಂದೆಯೇ ಉಳಿಯುತ್ತದೆ, ನಮ್ಮ ಕೇರಿಯಲ್ಲಿ. ಆ ಕೇರಿಗೆ ಸೂಜಿಮದ್ದು ಬಂತೋ ಇಲ್ಲವೋ ಎಂದು ಇವತ್ತಿನ ತನಕ ಯಾವ ವಿಮರ್ಶಕ ಪರೀಕ್ಷೆಯಲ್ಲಿ ಪ್ರಶ್ನೆ ಹಾಕಿದ್ದಾನೆ?

ಕಾದಂಬರಿಯ ಪ್ಲೇಗು ಹಳೆಯದಾಯಿತು ಎನ್ನುವವರು ಸೊರಬದ ಕಾಡಿಗೆ ಬರಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಸೌದೆಗೆ, ಸೊಪ್ಪಿಗೆ, ದರಗು ಗುಡಿಸಲು ಕಾಡಿಗೆ ಹೋದವರಿಗೆ ಜ್ವರ ಬಂತು. ತಲೆಸಿಡಿತ, ಮೈನೋವು, ಕೆಲವರಿಗೆ ಮೂಗು ಒಸಡಿನಿಂದ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಹೊಸ ವೈರಸ್, ಉಣುಗಿನ ಕಡಿತದಿಂದ ಬರುತ್ತದೆ ಎಂದು ಕಂಡುಹಿಡಿದರು. ಪ್ರಪಂಚದ ವೈದ್ಯರ ಪುಸ್ತಕದಲ್ಲಿ ಕ್ಯಾಸನೂರಿನ ಹೆಸರು ಸೇರಿತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. ಸತ್ತ ಮಂಗನನ್ನು ಹನುಮಂತ ಎಂದು ಅರಿಸಿನ ಕುಂಕುಮ ಹಚ್ಚಿ ಹೊತ್ತು ಮಣ್ಣು ಮಾಡುವುದು ನಮ್ಮ ಹಳ್ಳಿಗಳ ವಾಡಿಕೆ. ಸತ್ತ ಮಂಗನ ಮೈಯಿಂದಲೇ ಉಣುಗು ಇಳಿದು ಸುತ್ತ ಹರಡುವುದು. ಭಕ್ತಿ ಇಲ್ಲಿ ನೇರವಾಗಿ ಕೊಲ್ಲುತ್ತದೆ. ಇದನ್ನು ಮುಲಾಜಿಲ್ಲದೆ ಹೇಳಬೇಕು, ಬಯಲಾಟದಲ್ಲಿ ಹೇಳಬೇಕು, ಶಾಲೆಯ ಹಲಗೆಯ ಮೇಲೆ ಬರೆಯಬೇಕು.

ಆದರೆ ಇನ್ನೊಂದು ಸತ್ಯವನ್ನೂ ನುಂಗಬೇಕಾಗಿದೆ. ಈ ಜ್ವರಕ್ಕೆ ನೇರವಾದ ಔಷಧಿ ಇವತ್ತಿಗೂ ಇಲ್ಲ. ಸಲೈನು ಕೊಟ್ಟು, ರಕ್ತ ನಿಲ್ಲಿಸಿ, ಮೈಯನ್ನು ಕಾಪಾಡುವುದೇ ಚಿಕಿತ್ಸೆ. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ, ಉಳಿದವರು ಬದುಕುತ್ತಾರೆ ಎಂಬುದು ವೈದ್ಯರ ಲೆಕ್ಕ. ಈಗ ಯೋಚಿಸಿ. ನೂರು ಮನೆಯವರು ಹರಕೆ ಹೊತ್ತರೆ ತೊಂಬತ್ತೈದು ಮನೆಯಲ್ಲಿ ಹರಕೆ 'ಫಲಿಸುತ್ತದೆ'. ಆ ತೊಂಬತ್ತೈದು ಮನೆಯವರು ಜಾತ್ರೆಗೆ ಬರುತ್ತಾರೆ. ಸತ್ತವರ ಮನೆಯವರು ಬರುವುದಿಲ್ಲ, ಅವರಿಗೆ ತೀರಿಸುವ ಸಾಲವಿಲ್ಲ. ಜಾತ್ರೆಯೆಂದರೆ ಬದುಕಿದವರ ಸಾಕ್ಷಿ ಮಾತ್ರ ಕೇಳುವ ಕೋರ್ಟು. ನಮ್ಮ ಹಳ್ಳಿ ಮೇಷ್ಟ್ರುಗಳು ದೇವರಿಲ್ಲ ಎಂದು ಭಾಷಣ ಮಾಡುವುದಕ್ಕಿಂತ ಈ ಲೆಕ್ಕವನ್ನು ಮಕ್ಕಳಿಗೆ ಒಂದು ಸಲ ಮಾಡಿಸಿದರೆ ಹೆಚ್ಚು ಕೆಲಸವಾದೀತು.

ಸರ್ಕಾರದ ಹರಕೆಯನ್ನೂ ನೋಡಿ. ಈ ಜ್ವರಕ್ಕೆ ಒಂದು ಲಸಿಕೆ ಬಂತು, 1990ರಿಂದ ಹಳ್ಳಿಗಳಲ್ಲಿ ಹಾಕಿದರು. ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲದ ತನಕ ಒಯ್ಯಬೇಕಾಯಿತು. ಕಾಯಿಲೆ ಹುಟ್ಟಿದ್ದು ಕಾಡಿನ ಪಕ್ಕದ ಕೂಲಿಯವರಿಗೆ. ಉಣುಗು ವಿಧಾನಸೌಧದ ಮೆಟ್ಟಿಲು ಹತ್ತಿದ್ದರೆ ಇಷ್ಟು ವರ್ಷ ಬೇಕಾಗುತ್ತಿತ್ತೇ? ಅಮ್ಮನೇ ಬರುತ್ತಾಳೆ ಎಂದು ನಂಬಿದ್ದ ಸಿಡುಬನ್ನು ಮನೆಮನೆಗೆ ತಿರುಗಿ ಲಸಿಕೆ ಹಾಕಿ ಈ ದೇಶದಿಂದ ಓಡಿಸಲಾಯಿತು, 1975ರ ನಂತರ ಇಲ್ಲಿ ಒಂದೇ ಒಂದು ಸಿಡುಬು ಹರಡಲಿಲ್ಲ. ಮಾರಮ್ಮ ಯಾವ ಊರಿಗೂ ಶಾಪ ಹಾಕಲಿಲ್ಲ. ಜಾತ್ರೆಗಳೂ ನಿಲ್ಲಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸಿದ ಮೇಲೂ ಮಾಡದಿರುವುದಕ್ಕೆ ಏನನ್ನಬೇಕು?

ಚಿಕಿತ್ಸೆ ತಂದರೆ ಜನರ ಶ್ರದ್ಧೆ ಮುರಿಯುತ್ತದೆ, ಅವರ ಲೋಕ ಕುಸಿಯುತ್ತದೆ ಎಂದು ಕಣ್ಣೀರು ಹಾಕುವ ಬುದ್ಧಿಜೀವಿಗಳಿಗೆ ಈಸೂರನ್ನು ತೋರಿಸಬೇಕು. 1942ರಲ್ಲಿ ಈ ಊರು ಬ್ರಿಟಿಷರ ಆಳ್ವಿಕೆಯನ್ನು ತಳ್ಳಿ ತನ್ನದೇ ಸರ್ಕಾರ ಎಂದು ಸಾರಿತು. ಬಾವುಟ ಹಾರಿಸಿದ್ದು ಎಲ್ಲಿ? ವೀರಭದ್ರ ದೇವರ ಗುಡಿಯ ಮೇಲೆ. 1943ರಲ್ಲಿ ಐದು ಜನ ಗಲ್ಲಿಗೇರಿದರು. ಆ ಜನ ದೇವರನ್ನು ಬಿಡದೆಯೇ ದೊರೆಯನ್ನು ಬಿಟ್ಟರು. (ಆ ಗುಡಿಯೊಳಗೆ ಆಗ ನಮ್ಮ ಕೇರಿಯವರು ಕಾಲಿಡಬಹುದಿತ್ತೇ ಎಂಬುದು ಬೇರೆ ಪ್ರಶ್ನೆ, ಅದನ್ನು ಇನ್ನೊಮ್ಮೆ ಕೇಳೋಣ.) ನಮ್ಮ ಜನರ ನಂಬಿಕೆ ಗಾಜಿನ ಬಳೆಯಲ್ಲ. ಅದು ಬದಲಾಗುತ್ತದೆ, ಬಗ್ಗುತ್ತದೆ, ಎದ್ದು ನಿಲ್ಲುತ್ತದೆ. ಕವಿ ಸಿದ್ಧಲಿಂಗಯ್ಯನವರು 'ಅವತಾರಗಳು' ಬರೆದದ್ದು ಇದೇ ತಿಳಿವಳಿಕೆಯಿಂದ. ನಮ್ಮ ಗ್ರಾಮದೇವತೆಗಳು ನಗುವವರು, ಬೈಯುವವರು, ಬೈಸಿಕೊಳ್ಳುವವರು. ಅವರ ಜೊತೆ ಜಗಳಾಡಿಯೂ ಬದುಕಬಹುದು. ಚಿಕ್ಕವ್ವ ಅಮ್ಮನಿಗೆ ಕೈಮುಗಿಯಲಿ. ಕಿವಿಯ ಓಲೆ ಕಿವಿಯಲ್ಲೇ ಇರುವಂತಾಗಲಿ ಎಂಬುದಷ್ಟೇ ನಮ್ಮ ಜಗಳ.

ನಿಷೇಧ ಬೇಕಿತ್ತೇ? ಬೇಕಿತ್ತು, ಅದರಲ್ಲಿ ನಮಗೆ ಎರಡು ಮಾತಿಲ್ಲ. 1986ರಲ್ಲಿ ಏಟು ತಿಂದ ಗೆಳೆಯರ ಋಣ ನಮ್ಮ ಮೇಲಿದೆ. ಹಾವು ಕಚ್ಚಿದವನನ್ನು, ನಾಯಿ ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು 2017ರ ಕಾಯ್ದೆಯ ಪ್ರಕಾರ ಈಗ ಅಪರಾಧ. ಒಳ್ಳೆಯದು. ಆದರೆ ಮಂತ್ರವಾದಿಯ ಮನೆ ಅರ್ಧ ಮೈಲಿ, ಹಾವಿನ ವಿಷದ ಇಂಜೆಕ್ಷನ್ನು ಎರಡು ಬಸ್ಸು ಬದಲಾಯಿಸುವಷ್ಟು ದೂರ ಇದ್ದರೆ ಕಾಯ್ದೆಯ ಪುಸ್ತಕ ಕಾಲಿಗೆ ಕಟ್ಟಿಕೊಳ್ಳಲು ಬರುವುದಿಲ್ಲ. ಮಂತ್ರಿಗಳಿಗೆ ಎದೆನೋವು ಬಂದರೆ ಮೊದಲು ಡಾಕ್ಟರು, ಆಮೇಲೆ ಹೋಮ. ಉಳ್ಳವರ ದೇವರು ಡಾಕ್ಟರ ಹಿಂದೆ ಬರುತ್ತಾನೆ, ನಮ್ಮ ದೇವರು ಡಾಕ್ಟರ ಬದಲಿಗೆ ಬರುತ್ತಾನೆ.

ನಮ್ಮ ಚಳವಳಿಗೆ ಮಾದರಿ ಬೇಕೆಂದರೆ ಸಾವಿತ್ರಿಬಾಯಿ ಫುಲೆ ಇದ್ದಾರೆ. 1897ರ ಪುಣೆಯ ಪ್ಲೇಗಿನಲ್ಲಿ ಆ ತಾಯಿ ಮಹಾರರ ಕೇರಿಯಿಂದ ಕಾಯಿಲೆಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು, ಡಾಕ್ಟರಾಗಿದ್ದ ಮಗ ಯಶವಂತನ ಆಸ್ಪತ್ರೆಗೆ ತಂದರು. ಹುಡುಗ ಉಳಿದ. ಅದೇ ಕಾಯಿಲೆ ತಗುಲಿ ಅವರು ಮಾರ್ಚ್ 10ರಂದು ತೀರಿಕೊಂಡರು. ಹುಡುಗನ ಮನೆಯವರಿಗೆ ದೇವರಿದೆಯೋ ಇಲ್ಲವೋ ಎಂದು ಅವರು ಮೊದಲು ಕೇಳಲಿಲ್ಲ. ಹೊತ್ತುಕೊಂಡರು.

ಚಂದ್ರಗುತ್ತಿಯ ಜಾತ್ರೆ ಮಾರ್ಚಿನಲ್ಲಿ. ಮಂಗನ ಕಾಯಿಲೆಯ ಕಾಲವೂ ಅದೇ, ಡಿಸೆಂಬರಿನಿಂದ ಮೇ ತನಕ. ಜಾತ್ರೆಗೆ ಹೋಗುವ ಗೆಳೆಯರು, ವಿದ್ಯಾರ್ಥಿಗಳು, ಆ ಭಾಗದ ಶಾಲೆಗಳ ಮೇಷ್ಟ್ರುಗಳು ಈ ಸಲ ಭಾಷಣ ಬಿಟ್ಟು ಒಂದು ನೋಟುಪುಸ್ತಕ ತಗೊಂಡು ಹೋಗಿ. ಹರಕೆ ತೀರಿಸಲು ಬಂದವರ ಪಕ್ಕ ಕೂತು ಕೇಳಿ: ಯಾರಿಗೆ ಹುಷಾರಿರಲಿಲ್ಲ, ಎಷ್ಟು ದಿನ, ಮೊದಲು ಯಾರ ಹತ್ತಿರ ಹೋದಿರಿ, ಬಸ್ಸು ಎಷ್ಟು ಹೊತ್ತಿಗಿತ್ತು, ಎಷ್ಟು ಖರ್ಚಾಯಿತು, ಆ ದುಡ್ಡು ಎಲ್ಲಿಂದ ತಂದಿರಿ. ಹೆಸರು ಬರೆಯಬೇಡಿ. ಉಳಿದದ್ದನ್ನು ಅವರ ಮಾತಿನಲ್ಲೇ ಬರೆದು ಪತ್ರಿಕೆಗೆ ಕಳಿಸಿ. ಕಾಗುಣಿತ ತಪ್ಪಿದ್ದರೂ ಅಡ್ಡಿಯಿಲ್ಲ.