ದೂರದ ಓಟದ ತರುವಾಯ

ಮ್ಯಾರಥಾನ್ ಓಟಕ್ಕೆ ಅಣಿಯಾಗುವ ಬಗೆಯನ್ನು ಕುರಿತು ನಮ್ಮ ಓಟಗಾರರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ವೇಗ, ಆಹಾರ, ಬೂಟು, ನೀರು ಕುಡಿಯುವ ಹೊತ್ತು, ಎಲ್ಲಕ್ಕೂ ಅವರಲ್ಲಿ ಪಟ್ಟಿಗಳುಂಟು. ಆದರೆ 42.195 ಕಿಲೋಮೀಟರುಗಳನ್ನು ಪೂರೈಸಿ, ಪದಕವನ್ನು ಕೊರಳಿಗೆ ಹಾಕಿಸಿಕೊಂಡು ಮನೆ ಸೇರಿದ ಮೇಲೆ, ವ್ಯಾಯಾಮಕ್ಕೆ ಮರಳುವ ಕ್ರಮವಾವುದೆಂದು ಯೋಚಿಸುವವರು ವಿರಳ. ಓಟಗಾರನ ಪರಿಪಾಕವು ಓಟದ ತರುವಾಯದ ನಾಲ್ಕು ವಾರಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಓಟದ ದಿನದಲ್ಲಿಯೂ ಕಾಣದೆಂಬುದು ನನ್ನ ದೃಢವಾದ ನಂಬಿಕೆ.

ಓಟದ ಮರುದಿನ ಮಹಡಿಯ ಮೆಟ್ಟಿಲಿಳಿಯುವ ಓಟಗಾರನನ್ನು ಗಮನಿಸಿರಿ. ಹತ್ತುವಾಗ ಆತನಿಗೆ ಅಷ್ಟು ತೊಡಕಿಲ್ಲ. ಇಳಿಯುವಾಗಲಾದರೋ, ಪಕ್ಕದ ಕಂಬಿಯನ್ನು ಬಿಗಿಹಿಡಿದು, ಮೈಯನ್ನು ಅಡ್ಡಲಾಗಿ ತಿರುಗಿಸಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದಗಳನ್ನೂರಿ, ತುಟಿ ಕಚ್ಚಿಕೊಂಡು ಇಳಿಯುತ್ತಾನೆ. ಪಾದವು ನೆಲವನ್ನು ಮುಟ್ಟಿದಾಗಲೆಲ್ಲ ಮೊಣಕಾಲು ಕುಸಿಯದಂತೆ ತಡೆಯುವ ತೊಡೆಯ ಮುಂಭಾಗದ ಸ್ನಾಯುಗಳು ಭಾರವನ್ನು ಹೊತ್ತಿರುವಂತೆಯೇ ನೀಳವಾಗಬೇಕಾಗುತ್ತದೆ; ಸಂಕೋಚಕ್ಕಿಂತಲೂ, ಹೀಗೆ ಹಿಗ್ಗುತ್ತ ತಡೆಯುವ ಕಾರ್ಯವೇ ಸ್ನಾಯುತಂತುಗಳಿಗೆ ಹೆಚ್ಚು ಘಾಸಿಯನ್ನುಂಟುಮಾಡತಕ್ಕದ್ದು. ಆ ನೋವು ಎರಡನೆಯ ಅಥವಾ ಮೂರನೆಯ ದಿನ ಮೇರೆ ಮುಟ್ಟಿ, ಸಾಮಾನ್ಯವಾಗಿ ವಾರದೊಳಗೆ ಶಮನವಾಗುತ್ತದೆ.

ನಿಜವಾದ ಪರೀಕ್ಷೆ ಪ್ರಾರಂಭವಾಗುವುದು ಅಲ್ಲಿಂದಲೇ. ದೇಹದ ಅಂಗಗಳು ಒಂದೇ ಗತಿಯಲ್ಲಿ ಚೇತರಿಸಿಕೊಳ್ಳುವುದಿಲ್ಲ. ಸ್ನಾಯುಗಳಲ್ಲಿ ಬರಿದಾದ ಗ್ಲೈಕೋಜನ್ ಸಂಗ್ರಹವು ಅನ್ನ, ಮುದ್ದೆ, ಗೆಣಸುಗಳಂತಹ ಆಹಾರದಿಂದ ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಉಸಿರು ಬಲುಬೇಗ ತಿಳಿಯಾಗುತ್ತದೆ. ಆದರೆ ನೋವಡಗಿದ ಮೇಲೆಯೂ ಸ್ನಾಯುತಂತುಗಳ ಜೀರ್ಣೋದ್ಧಾರವು ಒಳಗೊಳಗೇ ನಡೆದಿರುತ್ತದೆ. ರಕ್ತಸಂಚಾರವು ಅಲ್ಪವಾಗಿರುವ ಸ್ನಾಯುರಜ್ಜುಗಳಂತೂ, ವಿಶೇಷವಾಗಿ ಹಿಮ್ಮಡಿಯ ಹಿಂಬದಿಯದು, ಎಲ್ಲಕ್ಕಿಂತ ನಿಧಾನ. ಆದುದರಿಂದಲೇ ಎರಡನೆಯ ವಾರದ ಮುಂಜಾವು ಅತ್ಯಂತ ಅಪಾಯಕರವಾದುದು. ಕಬ್ಬನ್ ಪಾರ್ಕಿನ ಬಿದಿರು ಮೆಳೆಗಳ ಪಕ್ಕದ ಮಣ್ಣುಹಾದಿಯಲ್ಲಿ ತಂಗಾಳಿ ಬೀಸುತ್ತಿರುವಾಗ ಎದೆಯು ಹಗುರವಾಗಿ, ತಿಂಗಳುಗಳ ಸಾಧನೆಯೆಲ್ಲ ಮೈಯಲ್ಲಿ ಎಚ್ಚತ್ತಂತೆ ತೋರಿ, ವೇಗವು ತಾನಾಗಿಯೇ ಏರತೊಡಗುತ್ತದೆ. ಸಿದ್ಧವಾಗಿರುವುದು ಉಸಿರು, ಹೊರೆ ಬೀಳುವುದು ಇನ್ನೂ ಮಾಗದ ಹಿಮ್ಮಡಿಯ ಮೇಲೆ. ಮಳೆ ಬಿದ್ದೊಡನೆಯೇ ನೇಗಿಲು ಹೂಡದೆ, ನೆಲ ಹದಕ್ಕೆ ಬರುವವರೆಗೆ ಕಾಯುವ ಒಕ್ಕಲಿಗನ ತಾಳ್ಮೆ ಇಲ್ಲಿ ಬೇಕು.

ಈ ತಾಳ್ಮೆಗೊಂದು ಅಳತೆಗೋಲನ್ನು ಕೊಟ್ಟವನೆಂದು ನ್ಯೂಜಿಲೆಂಡಿನ ಜಾಕ್ ಫಾಸ್ಟರನನ್ನು ಓಟದ ಲೋಕವು ಸ್ಮರಿಸುತ್ತದೆ. ಸ್ಪರ್ಧೆಯಲ್ಲಿ ಓಡಿದ ಪ್ರತಿ ಮೈಲಿಗೆ ಒಂದು ದಿನದಂತೆ ಕಠಿಣ ಅಭ್ಯಾಸದಿಂದ ದೂರವಿರಬೇಕೆಂಬುದು ಆತನ ನಿಯಮ. ಮ್ಯಾರಥಾನಿಗೆ ಇಪ್ಪತ್ತಾರು ಮೈಲಿಯಾದ ಕಾರಣ ಹೆಚ್ಚುಕಡಮೆ ನಾಲ್ಕು ವಾರ. ಮೊದಲು ಸೈಕಲ್ ಸವಾರನಾಗಿದ್ದು, ಮೂವತ್ತು ದಾಟಿದ ಮೇಲೆ ಓಟಕ್ಕೆ ಕಾಲಿಟ್ಟ ಈತನು, 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ತನ್ನ 41ನೆಯ ವಯಸ್ಸಿನಲ್ಲಿ 2 ಗಂಟೆ 11 ನಿಮಿಷ 19 ಸೆಕೆಂಡುಗಳಲ್ಲಿ ಓಡಿ ಬೆಳ್ಳಿಯ ಪದಕವನ್ನು ಗಳಿಸಿದನು. ನಲವತ್ತು ದಾಟಿದವರಲ್ಲಿ ಅದನ್ನು ಮೀರಿಸಿದವರು 1990ರವರೆಗೆ ಹುಟ್ಟಲಿಲ್ಲ. ವಿಶ್ರಾಂತಿಯು ಸಾಮರ್ಥ್ಯವನ್ನು ಕುಂದಿಸುತ್ತದೆಂದು ಅಂಜುವವರು ಈ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಹಾಗೆಂದು ನಾಲ್ಕು ವಾರ ಮಂಚ ಹಿಡಿಯಬೇಕಾಗಿಲ್ಲ. ಮೊದಲ ವಾರದಲ್ಲಿ ಸಮತಟ್ಟಾದ ನೆಲದ ಮೇಲೆ ನಡಿಗೆ, ಸಾಧ್ಯವಿದ್ದವರಿಗೆ ಈಜು, ತುಂಬು ನಿದ್ರೆ. ಎರಡನೆಯದರಲ್ಲಿ, ಸಂಗಡಿಗನೊಡನೆ ಮಾತನಾಡುತ್ತ ಸಾಗಬಹುದಾದ ಗತಿಯಲ್ಲಿ, ದಿನ ಬಿಟ್ಟು ದಿನ, ಅರ್ಧ ಗಂಟೆಗೆ ಮೀರದ ಓಟ. ಮೂರನೆಯದರಲ್ಲಿ ಹೊತ್ತನ್ನು ಬೆಳೆಸುವುದು. ವೇಗದ ಮಾತು ನಾಲ್ಕನೆಯ ವಾರ ಕಳೆದ ಮೇಲೆ. ಪ್ರತಿದಿನದ ಅಪ್ಪಣೆಯನ್ನು ಬೆಳಗಿನ ಮೊದಲ ಹೆಜ್ಜೆಗಳಿಂದ ಪಡೆಯಬೇಕು: ಹಾಸಿಗೆಯಿಂದೆದ್ದು ಬಚ್ಚಲುಮನೆಯವರೆಗೆ ನಡೆಯುವಷ್ಟರಲ್ಲಿ ಹಿಮ್ಮಡಿಯಾಗಲಿ ಮೀನಖಂಡವಾಗಲಿ ಬಿಗಿದುಕೊಂಡರೆ ಅಂದು ನಡಿಗೆಯೇ ಸಾಕು.

ಆತುರಕ್ಕೆ ಎದುರಾದ ಇನ್ನೊಂದು ಕೇಡೂ ಉಂಟು. ಬಹುಕಾಲ ಬದುಕಿಗೆ ದಿಕ್ಕಾಗಿದ್ದ ಗುರಿಯು ಒಂದು ಬೆಳಗ್ಗೆ ಕೈಸೇರಿದೊಡನೆ ಮನಸ್ಸು ಬರಿದಾಗಿ, ವಾರದ ವಿಶ್ರಾಂತಿಯು ತಿಂಗಳಾಗಿ, ಕಡೆಗೆ ಓಟವೇ ಕೈಬಿಟ್ಟುಹೋದವರೆಷ್ಟೋ ಮಂದಿ. ಇದಕ್ಕೆ ನಾನು ಬಲ್ಲ ಮದ್ದೆಂದರೆ, ವೇಗವನ್ನು ತ್ಯಜಿಸಿದರೂ ವೇಳೆಯನ್ನು ತ್ಯಜಿಸದಿರುವುದು: ಓಡುತ್ತಿದ್ದ ಹೊತ್ತಿಗೇ ಎದ್ದು, ಅದೇ ಹಾದಿಯಲ್ಲಿ, ಅದೇ ಗೆಳೆಯರೊಡನೆ ನಡೆಯುವುದು. ಮುಂದಿನ ಸ್ಪರ್ಧೆಗೆ ಹೆಸರು ಕೊಡುವ ವಿಚಾರವನ್ನೂ ಆ ನಾಲ್ಕು ವಾರಗಳಾಚೆಗೆ ಇಟ್ಟುಕೊಳ್ಳುವುದು ಲೇಸು. ಬರಿದಾದ ಮನಸ್ಸು ತನ್ನನ್ನು ತುಂಬಿಕೊಳ್ಳಲೆಂದು ಕೈಗೊಂಡ ನಿರ್ಧಾರದ ಭಾರವನ್ನು ಹೊರಬೇಕಾದುವು ಕಾಲುಗಳಾದ್ದರಿಂದ, ಅವು ಚೇತರಿಸಿಕೊಂಡು ಉತ್ತರ ಹೇಳುವವರೆಗೆ ಆ ಪ್ರಶ್ನೆಯನ್ನು ಕೇಳದಿರುವುದೇ ನ್ಯಾಯ.