ಬೆಳಕನ್ನು ಬಲ್ಲ ಅರಸುಮಗ

ಶ್ರಾವಣ ಬಂತೆಂದರೆ ಆಂಧ್ರದ ಆದವಾನಿ ಕಡೆಯ ನಮ್ಮ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ಬಳ್ಳಾರಿ, ರಾಯಚೂರು ಕಡೆಯ ಜನ ತಂಡೋಪತಂಡವಾಗಿ ಬರುತ್ತಾರೆ. ರಾಜ್ಯದ ಗಡಿ ಅವರಿಗೆ ಲೆಕ್ಕಕ್ಕಿಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಗುವವರೆಗೆ ನಮ್ಮ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಹಾಗಾಗಿ ಬಳ್ಳಾರಿ ಪಕ್ಕದ ಸಂಡೂರನ್ನು ಆಳಿದ ಘೋರ್ಪಡೆ ಮನೆತನದ ಮಾತು ನಮಗೆ ನೆರೆಮನೆಯ ಮಾತು.

ಗುತ್ತಿಯ ಕೋಟೆಯನ್ನು ಆಳಿದ ಮುರಾರಿರಾವ್ ಇದೇ ಮನೆತನದವನು. 1776ರಲ್ಲಿ ಹೈದರಾಲಿ ಆ ಕೋಟೆ ಹಿಡಿದ. ಮುರಾರಿರಾವ್ ಕಬ್ಬಾಳದುರ್ಗದ ಸೆರೆಯಲ್ಲಿ ತೀರಿಕೊಂಡ. ಸಂಡೂರು ಮಾತ್ರ ಮುಂದೆ ಆ ಮನೆತನದ ಪುಟ್ಟ ಸಂಸ್ಥಾನವಾಗಿ ಬಾಳಿತು. ಅಲ್ಲಿನ ಅರಸ ಯಶವಂತರಾವ್ ಘೋರ್ಪಡೆ 1932ರಲ್ಲೇ ದೇವಸ್ಥಾನಗಳ ಬಾಗಿಲನ್ನು ದಲಿತರಿಗೆ ತೆರೆಸಿದರು. ಆ ಮನೆಯ ದೊಡ್ಡತನ ನನಗೆ ಮೊದಲು ಕಾಣುವುದು ಅಲ್ಲಿ.

ಅವರ ಮಗ ಎಂ.ವೈ. ಘೋರ್ಪಡೆ (1931–2011) ಕೇಂಬ್ರಿಜ್‌ನಲ್ಲಿ ಓದಿದವರು, ಸಂಡೂರಿನ ಶಾಸಕರು. 1972ರಿಂದ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ, ಮುಂದೆ ಪಂಚಾಯತ್ ರಾಜ್ ಮಂತ್ರಿ. ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಕ್ಯಾಮರಾದ ಮುಂದೆ.

ಕಾಡುಪ್ರಾಣಿಗಳ ಚಿತ್ರ ತೆಗೆದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕದ ಹೆಸರಿನಲ್ಲೇ ಬಿಸಿಲಿದೆ, ನೆರಳಿದೆ. ಕಪ್ಪುಬಿಳುಪಿನಲ್ಲಿ ಕಾಡುಪ್ರಾಣಿಯನ್ನು ಹಿಡಿಯುವುದು ಸುಲಭವಲ್ಲ. ಬಣ್ಣದ ಆಸರೆ ಇಲ್ಲ. ಆನೆಯ ಚರ್ಮದ ಒಂದೊಂದು ಸುಕ್ಕೂ ಓರೆಬಿಸಿಲಿನಲ್ಲೇ ಎದ್ದು ಬರಬೇಕು. ಬಿಸಿಲು ನೆತ್ತಿಗೇರಿತೋ, ಸುಕ್ಕೆಲ್ಲ ಚಪ್ಪಟೆ. ಅದಕ್ಕೆ ಬೆಳಗಿನ, ಸಂಜೆಯ ಹೊತ್ತು ಕಾಯಬೇಕು, ಗಾಳಿಯ ದಿಕ್ಕು ನೋಡಿ ಕೂರಬೇಕು. ಬೇಟೆ ಅರಸರ ಹೆಮ್ಮೆಯಾಗಿದ್ದ ಕಾಲದಲ್ಲಿ ಹುಟ್ಟಿದವರು ಈ ತಾಳ್ಮೆಯನ್ನು ಕಲಿತರಲ್ಲ, ಅದಕ್ಕೆ ನನ್ನ ಗೌರವ. ಅವರ ಮನೆತನವೇ 1954ರಲ್ಲಿ ಮ್ಯಾಂಗನೀಸ್ ಗಣಿ ಕಂಪನಿಯನ್ನೂ ಕಟ್ಟಿತು. ಗುಡ್ಡ ಅಗೆಯುವ ಉದ್ಯಮ, ಕಾಡಿನ ಮೇಲಿನ ಮೋಹ, ಎರಡೂ ಒಂದೇ ಮನೆಯಲ್ಲಿದ್ದವು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಆ ಮನೆತನದ ಬೆಂಬಲದಲ್ಲಿ ಬೆಳೆದದ್ದು ಸಂಡೂರು ಕುಶಲಕಲಾ ಕೇಂದ್ರ. ಅಲ್ಲಿಯ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ಕೈಗೆತ್ತಿಕೊಂಡು ನೋಡಬೇಕು. ದಪ್ಪ ಬಟ್ಟೆಯ ಮೇಲೆ ಪುಟ್ಟ ಕನ್ನಡಿ, ಅದನ್ನು ಕಚ್ಚಿ ಹಿಡಿದ ದಾರ, ಅಂಚಿಗೆ ಕವಡೆ. ಕಿಲನ್, ವೇಲೆ, ಮಾಕಿ, ರೇಲೊ ಎಂದು ಹೊಲಿಗೆಗಳಿಗೆ ಒಂದೊಂದು ಹೆಸರು. ಎಣಿಸಿಟ್ಟಂತೆ ಸಮನಾದ ಆ ಹೊಲಿಗೆಗೆ ಗೆರೆ ಎಳೆದುಕೊಡುವವರಿಲ್ಲ, ಕಣ್ಣಳತೆಯೇ ಆಧಾರ. ಈ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2023ರಲ್ಲಿ ಹಂಪಿಯ ಜಿ-20 ಸಭೆಗೆ ಇದೇ ಕೇಂದ್ರದ ಮಹಿಳೆಯರು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಆದವಾನಿ, ಆಲೂರು, ಬಳ್ಳಾರಿ ದಾಟಿದರೆ ಸಂಡೂರು. ಮಳೆ ಬಿದ್ದು ಗುಡ್ಡ ಹಸಿರಾಗಿರುವ ಸೆಪ್ಟೆಂಬರಿನಲ್ಲಿ ಹೋಗಿ. ಕೇಂದ್ರದಲ್ಲಿ ಒಂದು ಚೀಲವನ್ನಾದರೂ ಚೌಕಾಸಿ ಮಾಡದೆ ಕೊಳ್ಳಿ.